ಶಾಲೆಯ ಆಟದ ಬಯಲು: ಅಪಘಾತಕ್ಕೆ ಮೊದಲೇ ಸಿದ್ಧರಾಗುವ ಪಾಠ



ಬಿತ್ತುವ ಮುಂಚೆ ಬೀಜೋಪಚಾರ ಮಾಡಿರೆಂದು ಊರೂರು ತಿರುಗಿ ಹೇಳುವುದು ನನ್ನ ಕೆಲಸ. "ರೋಗವೇ ಬಂದಿಲ್ಲ, ಈಗೇಕೆ ಔಷಧ?" ಎಂದು ಕೇಳುವವರು ಮೊದಲು ಬಹಳ ಇದ್ದರು. ಈಗ ಕಡಿಮೆಯಾಗಿದ್ದಾರೆ. ತೊಗರಿಗೆ ನೆಟೆ ರೋಗ ತಗುಲಿದ ಮೇಲೆ ಬುಡಕ್ಕೆ ಏನು ಸುರಿದರೂ ಆ ಗಿಡ ಉಳಿಯದೆಂಬುದು ನಿಮಗೆಲ್ಲ ಅನುಭವದಿಂದ ತಿಳಿದ ಮಾತು. ಟ್ರೈಕೋಡರ್ಮಾ ಹಚ್ಚಬೇಕಾದರೆ ಬೀಜ ಕೈಯಲ್ಲಿರುವಾಗಲೇ ಹಚ್ಚಬೇಕು.

ಈ ಸಲದ ಪಾಠ ಹೊಲದ್ದಲ್ಲ, ಶಾಲೆಯ ಆಟದ ಬಯಲಿನದು. ಆದರೂ ನೀತಿ ಒಂದೇ. ಮಕ್ಕಳು ಓಡುವ, ಜಿಗಿಯುವ, ಎಸೆಯುವ ಕಡೆ ಎಂದಾದರೊಂದು ದಿನ ಯಾರಾದರೂ ಬಿದ್ದೇ ಬೀಳುತ್ತಾರೆ. ಬಿದ್ದ ಮೇಲೆ ಮೊದಲ ಹತ್ತು ನಿಮಿಷ ಏನು ಮಾಡಬೇಕೆಂಬುದನ್ನು ಬೀಳುವ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ತಪ್ಪು ಮಾಡಿ ಕಲಿತೆ. ಅದನ್ನೇ ಮೊದಲು ಹೇಳುತ್ತೇನೆ.

ಕಣ್ಣಾರೆ ಕಂಡದ್ದು

ಎರಡು ವರ್ಷದ ಹಿಂದೆ ನಮ್ಮ ಸುತ್ತಿನ ಒಂದು ಶಾಲೆಯಲ್ಲಿ ವಲಯ ಮಟ್ಟದ ಕ್ರೀಡಾಕೂಟವಿತ್ತು. ಧ್ವನಿವರ್ಧಕದಲ್ಲಿ ಆಟಗಾರರ ಹೆಸರು ಕೂಗುವ ಕೆಲಸವೂ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತರುವ ಕೆಲಸವೂ ನನಗೆ ಬಂದಿದ್ದವು. ಪೆಟ್ಟಿಗೆಯನ್ನು ಬಿಚ್ಚಿ ನೋಡದೆಯೇ ತಂದು ಮೇಜಿನ ಕೆಳಗೆ ಇಟ್ಟೆ.

ಹುಡುಗಿಯರ ಖೋ-ಖೋ ಪಂದ್ಯ ನಡೆದಿತ್ತು. ಓಡಿ ಬಂದ ಹುಡುಗಿಯೊಬ್ಬಳು ಕಂಬವನ್ನು ಹಿಡಿದು ತಿರುಗುವಾಗ ಕೈ ಜಾರಿ ಹಣೆಯನ್ನು ಕಂಬಕ್ಕೆ ಬಡಿಸಿಕೊಂಡಳು. ಕುಸಿದು ಕುಳಿತಳು. ರಕ್ತವಿರಲಿಲ್ಲ. ಎಬ್ಬಿಸಿ ಕೇಳಿದಾಗ, "ಏನೂ ಆಗಿಲ್ರಿ ಸರ್, ನಾ ಆಡ್ತೀನ್ರಿ" ಎಂದಳು. ಮತ್ತೆ ಆಟಕ್ಕೆ ಇಳಿದಳು. "ಗಟ್ಟಿ ಹುಡುಗಿ, ಚಪ್ಪಾಳೆ ಹೊಡೀರಿ" ಎಂದು ಧ್ವನಿವರ್ಧಕದಲ್ಲಿ ಕೂಗಿದವನು ನಾನೇ. ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತು.

ಅರ್ಧ ಗಂಟೆಯ ಮೇಲೆ ಅವಳು ಬೇವಿನ ಗಿಡದ ಕೆಳಗೆ ವಾಂತಿ ಮಾಡಿಕೊಂಡಳು. ಆಮೇಲೆ ನಿದ್ದೆಗಣ್ಣಿನವಳಂತೆ ತೂಗತೊಡಗಿದಳು. ಕೇಳಿದ ಪ್ರಶ್ನೆಯನ್ನೇ ತಿರುಗಿ ಕೇಳುತ್ತಿದ್ದಳು. ಆಗ ನಮಗೆ ದಿಗಿಲು ಹತ್ತಿತು. ಮೂವರು ಮೂರು ಫೋನುಗಳಿಂದ 108ಕ್ಕೆ ಕರೆ ಮಾಡಿದರು. ಮೂವರೂ ಜಾಗವನ್ನು ಮೂರು ಬಗೆಯಾಗಿ ಹೇಳಿದರು. ಗಾಡಿಯು ಊರ ನಡುವಿನ ಹಳೆಯ ಶಾಲೆಯ ಕಟ್ಟಡದ ಮುಂದೆ ಹೋಗಿ ನಿಂತಿತು. ಹೊಸ ಶಾಲೆ ಊರ ಹೊರಗೆ ಇದೆಯೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಗಾಡಿ ಕಡೆಗೂ ಬಂದಾಗ ದೊಡ್ಡ ಗೇಟಿಗೆ ಬೀಗ. ಹುಡುಗರು ಮೋಟಾರು ಸೈಕಲ್ ಒಳಗೆ ತರುತ್ತಾರೆಂದು ಮುಂಜಾನೆ ಬೀಗ ಹಾಕಿಸಿದ್ದರು. ಕೀಲಿಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ತಂದೆಯ ಫೋನು ಸಂಖ್ಯೆ ದಾಖಲೆ ಪುಸ್ತಕದಲ್ಲಿತ್ತು. ಪುಸ್ತಕ ಅಲಮಾರಿಯಲ್ಲಿತ್ತು. ಅಲಮಾರಿಗೂ ಬೀಗ. ನಾನು ತಂದ ಪೆಟ್ಟಿಗೆಯಲ್ಲಿ ಒಂದಿಷ್ಟು ಹತ್ತಿ, ಒಣಗಿ ಹೋದ ಟಿಂಕ್ಚರ್ ಸೀಸೆ, ತುಕ್ಕು ಹಿಡಿದ ಕತ್ತರಿ ಇದ್ದವು.

ಹುಡುಗಿ ಉಳಿದಳು. ಆಸ್ಪತ್ರೆಯಲ್ಲಿ ಕೆಲ ದಿನ ಇದ್ದು ಬಂದಳು. ತಲೆನೋವು ವಾರಗಟ್ಟಲೆ ಕಾಡಿ ಅರ್ಧವಾರ್ಷಿಕ ಪರೀಕ್ಷೆಗೆ ಕೂಡಲು ಆಗಲಿಲ್ಲ. ನೋಡಲು ಹೋದಾಗ ಅವಳ ತಂದೆ ನನ್ನನ್ನು ಬಯ್ಯಲಿಲ್ಲ. "ನಿಮ್ಮ ಮ್ಯಾಲ ಬಿಟ್ಟು ಕಳಿಸಿದ್ದೆವ್ರಿ" ಎಂದಷ್ಟೇ ಅಂದರು. ಆ ಮಾತಿನ ಭಾರ ಇನ್ನೂ ನನ್ನ ಮೇಲಿದೆ. ಅದಕ್ಕಾಗಿಯೇ ಈ ಪಾಠ.

ಅಂದು ಬಯಲಿನಲ್ಲಿ ಒಳ್ಳೆಯ ಮನಸ್ಸಿಗೆ ಕೊರತೆಯಿರಲಿಲ್ಲ. ಇನ್ನೂರು ಜನ ಸಹಾಯಕ್ಕೆ ಓಡಿ ಬಂದಿದ್ದರು. ಯಾರು ಏನು ಮಾಡಬೇಕೆಂಬ ಗೊತ್ತುಪಾಡು ಮಾತ್ರ ಇರಲಿಲ್ಲ.

ಹೊರಗಿನ ಎರಡು ಉದಾಹರಣೆಗಳು

ಇಂಥ ಕೊರತೆ ನಮ್ಮ ಕಡೆಗೇ ಮೀಸಲಲ್ಲ. 2019ರ ಅಕ್ಟೋಬರ್ 4ರಂದು ಕೇರಳದ ಕೊಟ್ಟಾಯಂ ಜಿಲ್ಲೆಯ ಪಾಲಾ ಎಂಬಲ್ಲಿ ರಾಜ್ಯ ಮಟ್ಟದ ಕಿರಿಯರ ಕ್ರೀಡಾಕೂಟ ನಡೆದಿತ್ತು. ಭರ್ಜಿ ಎಸೆತವನ್ನೂ ಹ್ಯಾಮರ್ ಎಸೆತವನ್ನೂ ಒಂದೇ ಬಯಲಿನಲ್ಲಿ ಒಂದೇ ಹೊತ್ತಿಗೆ ನಡೆಸಿದರು. ಸ್ವಯಂಸೇವಕನಾಗಿ ಬಂದಿದ್ದ ಹನ್ನೊಂದನೆಯ ತರಗತಿಯ ಹುಡುಗನೊಬ್ಬ ಬಿದ್ದ ಭರ್ಜಿಯನ್ನು ಎತ್ತಿಕೊಳ್ಳಲು ಹೋದಾಗ ಹ್ಯಾಮರ್ ಗುಂಡು ಬಂದು ಅವನ ತಲೆಗೆ ಬಡಿಯಿತು. ಎರಡು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ಆ ಬಾಲಕ ತೀರಿಕೊಂಡ. ವೇಳಾಪಟ್ಟಿ ಬರೆಯುವಾಗ ಒಂದು ಆಟವನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. 2021ರ ಜೂನ್ 12ರಂದು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಫುಟ್‌ಬಾಲ್ ಪಂದ್ಯದ ನಡುವೆ ಕ್ರಿಶ್ಚಿಯನ್ ಎರಿಕ್ಸನ್ ಎಂಬ ಆಟಗಾರ ಹೃದಯ ನಿಂತು ಬಿದ್ದನು. ವೈದ್ಯರ ತಂಡ ಕೂಡಲೇ ಬಯಲಿಗೆ ಓಡಿ ಬಂದು ಎದೆ ಒತ್ತಿ, ವಿದ್ಯುತ್ ಯಂತ್ರದಿಂದ ಹೃದಯವನ್ನು ಮತ್ತೆ ನಡೆಸಿತು. ಜೊತೆಯ ಆಟಗಾರರು ಸುತ್ತ ನಿಂತು ಜನರ ಕಣ್ಣಿಗೆ ಮರೆಯಾದರು. ಅವನು ಬದುಕಿದನಷ್ಟೇ ಅಲ್ಲ, ಮರುವರ್ಷ ಮತ್ತೆ ಆಟಕ್ಕೆ ಇಳಿದನು. ಅಲ್ಲಿ ಪ್ರತಿಯೊಬ್ಬನಿಗೂ ತನ್ನ ಕೆಲಸ ಗೊತ್ತಿತ್ತು.

"ಅದು ದೊಡ್ಡ ದೇಶದ ಮಾತು" ಎನ್ನಬೇಡಿರಿ. ಕೆಲಸ ಹಂಚಿಕೊಳ್ಳುವುದು ನಮಗೇನು ಹೊಸದೆ? ಹುಮನಾಬಾದದ ವೀರಭದ್ರೇಶ್ವರ ಜಾತ್ರೆಯನ್ನು ನೆನೆಯಿರಿ. ತೇರಿನ ಹಗ್ಗ ಹಿಡಿಯುವವರು ಯಾರು, ಗಾಲಿಗೆ ಅಡ್ಡ ಕೊಡುವವರು ಯಾರು, ಜನರನ್ನು ಹಿಂದೆ ಸರಿಸುವವರು ಯಾರು ಎಂಬುದು ತೇರು ಹೊರಡುವ ಮುಂಚೆಯೇ ಗೊತ್ತಿರಬೇಕು. ತೇರು ಉರುಳತೊಡಗಿದ ಮೇಲೆ ಅಡ್ಡ ಕೊಡುವವನನ್ನು ಹುಡುಕುವ ಊರು ಯಾವುದಿದೆ? ಅದೇ ಕಟ್ಟುಪಾಡನ್ನು ಶಾಲೆಯ ಬಯಲಿಗೆ ತರುವುದಷ್ಟೇ ನಮ್ಮ ಕೆಲಸ.

ಆರು ಜನ, ಆರು ಕೆಲಸ

ಕ್ರೀಡಾಕೂಟಕ್ಕೆ ಒಂದು ವಾರ ಮುಂಚೆ ಮುಖ್ಯಗುರುಗಳು, ದೈಹಿಕ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯವರು, ಆಶಾ ಕಾರ್ಯಕರ್ತೆ ಒಟ್ಟಿಗೆ ಕುಳಿತು ಆರು ಹೆಸರು ಬರೆಯತಕ್ಕದ್ದು.

1. ಮುಂದಾಳು. ಆಟ ನಿಲ್ಲಿಸುವ ಅಧಿಕಾರ ಇವರದು. ಮಂತ್ರಿಗಳೇ ವೇದಿಕೆಯ ಮೇಲಿದ್ದರೂ ಇವರು ಸೀಟಿ ಊದಿದರೆ ಆಟ ನಿಲ್ಲಬೇಕು.

2. ಉಪಚಾರ ಮಾಡುವವರು. ಪ್ರಥಮ ಚಿಕಿತ್ಸೆ ಕಲಿತವರು. ಇವರಿಗೆ ಆ ದಿನ ಬೇರೆ ಯಾವ ಕೆಲಸವನ್ನೂ ಕೊಡಕೂಡದು. ನನ್ನಂತೆ ಧ್ವನಿವರ್ಧಕವನ್ನಂತೂ ಕೊಡಲೇಬಾರದು.

3. ಫೋನು ಮಾಡುವವರು. ಇವರೊಬ್ಬರೇ 108ಕ್ಕೆ ಕರೆ ಮಾಡತಕ್ಕದ್ದು. ಸಿಗದಿದ್ದರೆ 112.

4. ದಾರಿ ತೋರಿಸುವವರು. ಗೇಟಿನ ಕೀಲಿಕೈ ಇವರ ಕೊರಳಲ್ಲಿರಬೇಕು. ಕರೆ ಹೋದ ಕೂಡಲೇ ಒಬ್ಬರು ಗೇಟಿಗೆ, ಇನ್ನೊಬ್ಬರು ಮುಖ್ಯ ರಸ್ತೆಯ ತಿರುವಿಗೆ ಹೋಗಿ ನಿಲ್ಲಬೇಕು.

5. ಮಕ್ಕಳನ್ನೂ ಜನರನ್ನೂ ನೋಡಿಕೊಳ್ಳುವವರು. ಗಾಯಗೊಂಡವರ ಸುತ್ತ ಜನ ಮುತ್ತದಂತೆ, ಉಳಿದ ಮಕ್ಕಳು ಹೆದರಿ ಚದರದಂತೆ ಕಾಯಬೇಕು.

6. ಜೊತೆಗೆ ಹೋಗುವವರು. ಮಗುವಿನ ಕೂಡ ಆಸ್ಪತ್ರೆಗೆ ಹೋಗಿ, ಮನೆಯವರಿಗೆ ತಿಳಿಸಿ, ಅವರು ಬರುವವರೆಗೆ ಅಲ್ಲಿಂದ ಕದಲಬಾರದು. ಹೆಣ್ಣುಮಕ್ಕಳಿಗಾದರೆ ಶಿಕ್ಷಕಿಯರೇ ಹೋಗುವುದು ಒಳ್ಳೆಯದು.

ಪ್ರತಿ ಹೆಸರಿನ ಮುಂದೆ ಇನ್ನೊಂದು ಬದಲಿ ಹೆಸರು ಇರಲಿ. ಮೊದಲಿನವರು ಊಟಕ್ಕೆ ಹೋದಾಗ ಎರಡನೆಯವರು ಬಯಲಿನಲ್ಲಿರಬೇಕು. ಶಿಕ್ಷಕರು ಇಬ್ಬರೇ ಇರುವ ಶಾಲೆಯಾದರೆ ಊರಿನ ತರುಣರನ್ನೂ, ಮಹಿಳಾ ಸ್ವಸಹಾಯ ಸಂಘದವರನ್ನೂ ಸೇರಿಸಿಕೊಳ್ಳಿರಿ. ಜನ ಸಿಗದ ಊರು ಯಾವುದೂ ಇಲ್ಲ.

ಗೋಡೆಗೆ ಒಂದು ಹಾಳೆ

ಯೋಜನೆಯೆಂದರೆ ದಪ್ಪ ಪುಸ್ತಕವಲ್ಲ. ಒಂದೇ ಹಾಳೆ ಸಾಕು. ದೊಡ್ಡ ಅಕ್ಷರದಲ್ಲಿ ಬರೆದು ಮುಖ್ಯಗುರುಗಳ ಕೋಣೆಯ ಹೊರಗೋಡೆಗೂ ಧ್ವನಿವರ್ಧಕದ ಮೇಜಿಗೂ ಅಂಟಿಸಿರಿ. ಅದರಲ್ಲಿ ಬರೆಯಬೇಕಾದುದು ಇಷ್ಟು: ಆರು ಹೆಸರುಗಳು, ಫೋನು ಸಂಖ್ಯೆಗಳು, ಹತ್ತಿರದ ಆಸ್ಪತ್ರೆಗಳು, ಬಯಲಿಗೆ ಬರುವ ದಾರಿ.

ಫೋನಿನಲ್ಲಿ ಹೇಳಬೇಕಾದ ಮಾತನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ದಿಗಿಲಿನಲ್ಲಿ ಸ್ವಂತ ಊರಿನ ಹೆಸರೂ ಬಾಯಿಗೆ ಬರುವುದಿಲ್ಲ. ನಮ್ಮ ನಿರ್ಣಾ ಮೊದಲು ಹುಮನಾಬಾದ ತಾಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲೂಕಿಗೆ ಸೇರಿದೆ. ಹಳೆಯ ರೂಢಿಯಿಂದ ಒಬ್ಬರು ಹುಮನಾಬಾದ ಎಂದರೆ ಇನ್ನೊಬ್ಬರು ಚಿಟಗುಪ್ಪ ಎನ್ನುತ್ತಾರೆ. ತೆಲಂಗಾಣದ ಗಡಿ ಸಮೀಪವಾದ್ದರಿಂದ ಗಡಿಯಂಚಿನಲ್ಲಿ ಫೋನು ಪಕ್ಕದ ರಾಜ್ಯದ ಗೋಪುರವನ್ನು ಹಿಡಿದುಬಿಡಬಹುದು. ಆದುದರಿಂದ ಈ ಕ್ರಮದಲ್ಲಿ ಹೇಳಿರಿ: "ಕರ್ನಾಟಕ ರಾಜ್ಯ, ಬೀದರ ಜಿಲ್ಲೆ, ಚಿಟಗುಪ್ಪ ತಾಲೂಕು, ನಿರ್ಣಾ ಗ್ರಾಮ. ಇಂಥ ಶಾಲೆಯ ಬಯಲು, ಇಂಥ ಗುರುತಿನ ಪಕ್ಕ. ಮಗುವಿನ ವಯಸ್ಸು ಇಷ್ಟು, ಆದದ್ದು ಇಂಥದು, ಎಚ್ಚರ ಇದೆ ಅಥವಾ ಇಲ್ಲ." ಆ ಕಡೆಯವರು ಸಾಕೆನ್ನುವವರೆಗೆ ಫೋನು ಇಡಬಾರದು.

ಆಸ್ಪತ್ರೆ ಎಷ್ಟು ಕಿಲೋಮೀಟರ್ ಎಂದು ಬರೆಯಬೇಡಿರಿ, ಎಷ್ಟು ನಿಮಿಷ ಎಂದು ಬರೆಯಿರಿ. ಒಂದು ಸಂಜೆ ಮೋಟಾರು ಸೈಕಲ್ ಮೇಲೆ ಹೋಗಿ ಗಡಿಯಾರ ನೋಡಿ ಅಳೆಯಿರಿ. ಮಳೆಗಾಲದಲ್ಲಿ ಹಳ್ಳ ಬಂದರೆ ಬೇರೆ ದಾರಿ ಯಾವುದು, ಮನ್ನಾಎಖ್ಖೆಳ್ಳಿಯ ಹೆದ್ದಾರಿಗೆ ಸೇರಲು ಎಷ್ಟು ಹೊತ್ತು, ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಎಷ್ಟು ಹೊತ್ತು, ಎಲ್ಲವೂ ಹಾಳೆಯಲ್ಲಿರಲಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷದ ಚುಚ್ಚುಮದ್ದು ಇದೆಯೆಂದು ಮುಂಚೆಯೇ ಕೇಳಿ ಬರೆದುಕೊಳ್ಳಿರಿ. 108 ಗಾಡಿ ಬೇರೆ ಕಡೆ ಹೋಗಿದ್ದರೆ ಊರಿನ ಯಾರ ಜೀಪು ಸಿದ್ಧವಿರುತ್ತದೆಂಬುದನ್ನೂ ಗೊತ್ತುಮಾಡಿರಿ.

ಇನ್ನೊಂದು ಗುಟ್ಟಿನ ಪಟ್ಟಿ ಬೇಕು. ಇದನ್ನು ಗೋಡೆಗೆ ಹಚ್ಚಬಾರದು, ಮುಂದಾಳುವಿನ ಕಿಸೆಯಲ್ಲಿರಬೇಕು. ಯಾವ ಮಗುವಿಗೆ ಉಬ್ಬಸ, ಯಾರಿಗೆ ಮೂರ್ಛೆರೋಗ, ಯಾರಿಗೆ ಹೃದಯದ ತೊಂದರೆ, ಯಾರಿಗೆ ಸಕ್ಕರೆ ರೋಗ, ಮನೆಯವರ ಫೋನು ಯಾವುದು ಎಂಬುದು ಈ ಪಟ್ಟಿಯಲ್ಲಿರಲಿ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಅವರು ಬರೆದುಕೊಟ್ಟದ್ದನ್ನು ಅಲಮಾರಿಯಲ್ಲಿ ಇಟ್ಟು ಮರೆಯಬೇಡಿರಿ.

ಮುಂಜಾನೆ ಬಯಲನ್ನು ಸುತ್ತಿ ನೋಡುವುದು

ಆಟ ಆರಂಭವಾಗುವ ಮುಂಚೆ ಒಬ್ಬರು ಬಯಲನ್ನು ಹೊಲ ನೋಡಿದಂತೆ ನಿಧಾನವಾಗಿ ಸುತ್ತಬೇಕು.

ನೆಲ: ಕುಣಿ, ಕಲ್ಲು, ಗಾಜಿನ ಚೂರು, ಮುಳ್ಳು. ಮಳೆ ಬಿದ್ದ ಎರೆ ಮಣ್ಣು ಕಾಲಿಗೆ ಮೆತ್ತಿ ಜಾರಿಸುತ್ತದೆ. ಉದ್ದ ಜಿಗಿತದ ಕುಣಿಯ ಮರಳನ್ನು ಸಲಿಕೆಯಿಂದ ಆಳವಾಗಿ ಅಗೆದು ಸಡಿಲ ಮಾಡಿರಿ.

ಕಂಬ: ಖೋ-ಖೋ ಕಂಬದ ಮೇಲ್ತುದಿ ಚೂಪಾಗಿರಬಾರದು, ಮೈಯಲ್ಲಿ ಮೊಳೆ ಇರಬಾರದು. ಅಭ್ಯಾಸದ ದಿನಗಳಲ್ಲಿ ಹಳೆಯ ಗೋಣಿಚೀಲ ಸುತ್ತಿ ಕಟ್ಟಿದರೆ ಪೆಟ್ಟು ಕಡಿಮೆ.

ಗೆರೆ: ಗೆರೆ ಹಾಕಲು ಸುಣ್ಣ ಬಳಸುವ ರೂಢಿ ಬಹಳ ಕಡೆ ಇದೆ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ. ಕಬಡ್ಡಿಯಲ್ಲಿ ಮಕ್ಕಳು ನೆಲಕ್ಕೆ ಮುಖ ತಾಗಿ ಬೀಳುವರಲ್ಲವೆ? ರಂಗೋಲಿ ಪುಡಿಯನ್ನೋ ಸೀಮೆಸುಣ್ಣದ ಪುಡಿಯನ್ನೋ ಬಳಸಿರಿ. ಸುಣ್ಣ ಬಿದ್ದೇ ಬಿಟ್ಟರೆ ಉಜ್ಜದೆ, ಇಪ್ಪತ್ತು ನಿಮಿಷವಾದರೂ ಶುದ್ಧ ನೀರನ್ನು ಎಡೆಬಿಡದೆ ಹನಿಸಿ ತೊಳೆದು ವೈದ್ಯರ ಬಳಿ ಕರೆದೊಯ್ಯಿರಿ.

ಎಸೆತ: ಭರ್ಜಿ, ಚಕ್ರ, ಗುಂಡು ಇವುಗಳಲ್ಲಿ ಒಂದು ಮುಗಿದ ಮೇಲೆಯೇ ಇನ್ನೊಂದು. ಬೀಳುವ ಜಾಗದ ಸುತ್ತ ಹಗ್ಗ ಕಟ್ಟಿರಿ. ಸೀಟಿ ಊದಿದ ಮೇಲೆ ಎಸೆಯಬೇಕು, ಇನ್ನೊಂದು ಸೀಟಿಯ ಮೇಲೆ ಆರಿಸಿಕೊಳ್ಳಲು ಹೋಗಬೇಕು. ಭರ್ಜಿಯನ್ನು ನಡೆದು ಹೋಗಿಯೇ ಮರಳಿ ತರಬೇಕು, ತಿರುಗಿ ಎಸೆಯಕೂಡದು.

ಪಕ್ಕದ ಹೊಲ: ಇದು ನನ್ನ ಕಸುಬಿಗೆ ಸೇರಿದ ಮಾತು. ಸೋಯಾಬೀನ, ಉದ್ದು, ತೊಗರಿಗೆ ಔಷಧ ಹೊಡೆಯುವ ದಿನವೂ ಕ್ರೀಡಾಕೂಟದ ದಿನವೂ ಒಂದೇ ಆಗದಂತೆ ಪಕ್ಕದ ಹೊಲದವರಿಗೆ ಮೊದಲೇ ಹೇಳಿರಿ. ಗಾಳಿ ಬಯಲ ಕಡೆಗೆ ಬೀಸಿದರೆ ಓಡುವ ಮಕ್ಕಳು ಅದೇ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳುತ್ತಾರೆ. ಔಷಧದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಕೂಡದು.

ಜೇನು: ಶಾಲೆಯ ಮರದಲ್ಲಿ ಹೆಜ್ಜೇನು ಇದ್ದರೆ ಅದರ ಹತ್ತಿರ ಹಲಗೆ ಬಾರಿಸುವುದು, ಪಟಾಕಿ ಹಚ್ಚುವುದು, ಕಲ್ಲು ಎಸೆಯುವುದು ಬೇಡ. ಎದ್ದರೆ ಮಕ್ಕಳು ಕೋಣೆಗಳ ಒಳಗೆ ಓಡಿ ಬಾಗಿಲು ಹಾಕಿಕೊಳ್ಳಬೇಕು. ಕಡಿಸಿಕೊಂಡವರ ಮುಖ ಊದಿ ಉಸಿರು ಕಟ್ಟಿದರೆ ಅದು ತುರ್ತು ಸ್ಥಿತಿ. ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಅಪಾಯ ಬಂದಾಗ ಮಾಡತಕ್ಕದ್ದು

ತಲೆಗೆ ಪೆಟ್ಟು. ತಲೆಗೆ ಪೆಟ್ಟು ಬಿದ್ದ ಮಗು ತಬ್ಬಿಬ್ಬಾದರೆ, ತಲೆ ಸುತ್ತುತ್ತದೆ ಎಂದರೆ, ಒಂದು ಕ್ಷಣ ಎಚ್ಚರ ತಪ್ಪಿದರೆ ಆ ದಿನ ಅದರ ಆಟ ಮುಗಿಯಿತೆಂದು ತಿಳಿಯಿರಿ. ಮಗು "ಆಡುತ್ತೇನೆ" ಎಂದರೂ ಬಿಡಬಾರದು. ಪೆಟ್ಟು ತಿಂದ ತಲೆ ತನ್ನ ಪೆಟ್ಟನ್ನು ತಾನೇ ಅಳೆಯಲಾರದು. ಹೊರಗೆ ರಕ್ತ ಕಾಣದಿದ್ದರೂ ಒಳಗೆ ರಕ್ತ ಒಸರಬಹುದು. ಅದರ ಗುರುತು ಗಂಟೆ ಕಳೆದು ಕಾಣಿಸಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು, ಸೆಳವು, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಎರಡು ಕಣ್ಣಿನ ಪಾಪೆಗಳು ಸಮವಾಗಿರದಿರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ. ಏನೂ ಕಾಣದಿದ್ದರೂ ಒಂದು ದಿನ ಪೂರ್ತಿ ಕಣ್ಣಿಟ್ಟು ನೋಡಿರೆಂದು ಮನೆಯವರಿಗೆ ಚೀಟಿ ಬರೆದು ಕಳಿಸಿರಿ. ತಲೆಕೆಳಗಾಗಿ ಬಿದ್ದು ಕೊರಳು ನೋಯುತ್ತದೆ, ಕೈಕಾಲು ಜೋಮು ಹಿಡಿದಿದೆ ಎಂದರೆ ಎತ್ತಿ ಕೂರಿಸಬೇಡಿರಿ. ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದು ಗಾಡಿ ಬರುವವರೆಗೆ ಕಾಯಿರಿ.

ಹೃದಯ ನಿಲ್ಲುವುದು. ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ನಾಡೇ ಈ ವಿಷಯವನ್ನು ಮಾತನಾಡಿತು. ಸರ್ಕಾರವು 2024ರಲ್ಲಿ ಅವರ ಹೆಸರಿನಲ್ಲಿಯೇ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ಮಕ್ಕಳಲ್ಲಿ ಇದು ವಿರಳ. ಆದರೆ ಹುಟ್ಟಿನಿಂದ ಬಂದ ದೋಷದಿಂದಲೋ, ಎದೆಗೆ ಚೆಂಡು ಬಲವಾಗಿ ಬಡಿದೋ ಹೃದಯ ನಿಲ್ಲಬಹುದು. ಬಿದ್ದ ಮಗು ಕೂಗಿದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಬೆನ್ನ ಮೇಲೆ ಮಲಗಿಸಿ ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಅಂಗೈ ಇಟ್ಟು, ಮೊಳಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎದೆಯ ದಪ್ಪದ ಮೂರನೆಯ ಒಂದು ಪಾಲು, ಸುಮಾರು 5 ಸೆಂಟಿಮೀಟರ್, ಕೆಳಗೆ ಹೋಗಬೇಕು. ಕಲಿತವರು 30 ಸಲ ಒತ್ತಿ 2 ಸಲ ಉಸಿರು ಊದಲಿ, ಕಲಿಯದವರು ಬರೀ ಒತ್ತಿದರೂ ಸರಿ. ದಣಿದರೆ ಕೈ ಬದಲಾಯಿಸಿರಿ, ನಿಲ್ಲಿಸಬೇಡಿರಿ. ಏನೂ ಮಾಡದೆ ನಿಂತರೆ ಬದುಕುವ ಅವಕಾಶವು ನಿಮಿಷ ನಿಮಿಷಕ್ಕೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಗಾಡಿ ಬರಲು ಇಪ್ಪತ್ತು ನಿಮಿಷವಾಗುವ ಹಳ್ಳಿಯಲ್ಲಿ ಬದುಕಿಸುವ ಕೈ ಹಳ್ಳಿಯದೇ ಆಗಿರಬೇಕು.

ಬಿಸಿಲಿನ ಹೊಡೆತ. ನೀರಿನ ಕೊಡ ಬಯಲಿನ ನಾಲ್ಕೂ ಮೂಲೆಯಲ್ಲಿರಲಿ. ಉದ್ದದ ಓಟವನ್ನು ಮುಂಜಾನೆ ಹತ್ತರ ಒಳಗೆ ಮುಗಿಸಿರಿ. ಬಳಲಿದ ಮಗುವಿಗೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ನೀರು ಕೊಡಿರಿ. ಆದರೆ ಓಡಿದ ಮಗು ತಡವರಿಸಿ, ಅಸಂಬದ್ಧ ಮಾತನಾಡಿ ಕುಸಿದರೆ, ಮೈ ಕೆಂಡದಂತಿದ್ದರೆ ಅದು ಬಳಲಿಕೆಯಲ್ಲ, ಪ್ರಾಣಕ್ಕೆ ಬಂದದ್ದು. ಫೋನು ಮಾಡುವವರು ಫೋನು ಮಾಡುತ್ತಿರಲಿ. ಉಳಿದವರು ಅಲ್ಲಿಯೇ ನೆರಳಿಗೆ ಎಳೆದು, ತೊಟ್ಟಿಯಿದ್ದರೆ ತಲೆ ಮೇಲೆತ್ತಿ ಹಿಡಿದು ಕೊರಳವರೆಗೆ ತಣ್ಣೀರಿನಲ್ಲಿ ಕೂರಿಸಿರಿ. ತೊಟ್ಟಿಯಿಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿದು, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿರಿ. ಮೊದಲು ಮೈ ತಂಪಾಗಬೇಕು, ಆಮೇಲೆ ಸಾಗಿಸಬೇಕು. ಎಚ್ಚರವಿಲ್ಲದ ಬಾಯಿಗೆ ನೀರು ಹಾಕಕೂಡದು.

ಸಿಡಿಲು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿರಿ. ಶಬ್ದವು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಎಣಿಕೆ 30ರ ಒಳಗಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಆ ಕ್ಷಣವೇ ಆಟ ನಿಲ್ಲಿಸಿ ಮಕ್ಕಳನ್ನು ಶಾಲೆಯ ಪಕ್ಕಾ ಕೋಣೆಗಳಿಗೆ ಸೇರಿಸಿರಿ. ಹುಣಸೆ ಮರ, ಬೇವಿನ ಮರ, ಶಾಮಿಯಾನ, ತಗಡಿನ ತೆರೆದ ಚಪ್ಪರ ಇವು ಆಸರೆಯಲ್ಲ, ಅಪಾಯ. ಕಡೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಹೊರಗೆ ಬಿಡಬಾರದು. ಕಡೆಯ ಪಂದ್ಯದ ಎರಡು ಅಂಕ ಉಳಿದಿದ್ದರೂ ಸರಿ. ಪುಣೆಯ ಹವಾಮಾನ ಸಂಸ್ಥೆಯವರ 'ದಾಮಿನಿ', ನಮ್ಮ ರಾಜ್ಯದ 'ಸಿಡಿಲು' ಎಂಬ ಮೊಬೈಲ್ ಆ್ಯಪ್‌ಗಳು ಮುನ್ಸೂಚನೆ ಕೊಡುತ್ತವೆ; ಮುಂದಾಳುವಿನ ಫೋನಿನಲ್ಲಿ ಇರಲಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರಿಲ್ಲದಿದ್ದರೆ ಎದೆ ಒತ್ತಿರಿ. ಸೆಗಣಿಯಲ್ಲಿ ಹೂಳುವುದರಿಂದ ಹೊತ್ತು ಹಾಳು.

ಹಾವು. ಚೆಂಡು ಹುಡುಕಲು ಹುಲ್ಲಿಗೆ, ಕಲ್ಲಿನ ರಾಶಿಗೆ ಮಕ್ಕಳು ಕೈ ಹಾಕುತ್ತಾರೆ. ಬಯಲಿನ ಅಂಚನ್ನು ಮೊದಲೇ ಸವರಿಸಿರಿ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಮೂರೂ ತಪ್ಪು. ಮಗುವನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗದಂತೆ ಹಲಗೆ ಕಟ್ಟಿ ವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ನಿಯಮ ಬಂದಿದೆ.

ಮೂರ್ಛೆ. ಸೆಳವು ಬಂದ ಮಗುವಿನ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಅಥವಾ ಚಪ್ಪಲಿ ಹಿಡಿಯುವುದು, ಬಾಯಲ್ಲಿ ಚಮಚ ತುರುಕುವುದು ಬೇಡ. ಸುತ್ತಲಿನ ಕಲ್ಲು ಸರಿಸಿ, ತಲೆಯ ಕೆಳಗೆ ಮೆತ್ತಗಿನದನ್ನು ಇಟ್ಟು, ಸೆಳವು ನಿಂತ ಮೇಲೆ ಒಂದು ಮಗ್ಗುಲಿಗೆ ಮಲಗಿಸಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆ.

ಹಿರಿಯರ ಎರಡು ಸಂಶಯಗಳು

ಈ ಮಾತನ್ನು ಊರುಗಳಲ್ಲಿ ಹೇಳಿದಾಗ ಹಿರಿಯರು ಎರಡು ಪ್ರಶ್ನೆ ಕೇಳುತ್ತಾರೆ.

ಮೊದಲನೆಯದು, "ಇದಕ್ಕೆ ರೊಕ್ಕ ಎಲ್ಲಿಂದ?" ಹಾಳೆಗೆ, ಸೀಟಿಗೆ, ಹಗ್ಗಕ್ಕೆ, ನೀರಿನ ಕೊಡಕ್ಕೆ ಎಷ್ಟು ರೊಕ್ಕ ಬೇಕು? ಪೆಟ್ಟಿಗೆಗೆ ಹೊಸ ಹತ್ತಿ, ಪಟ್ಟಿ, ಅಂಟುಪಟ್ಟಿ, ತ್ರಿಕೋನ ಬಟ್ಟೆ, ಓಆರ್‌ಎಸ್ ಪೊಟ್ಟಣ, ಕೈಗವಸು, ಕತ್ತರಿ, ಎರಡು ಬಿದಿರು ಪಟ್ಟಿ ಸಾಕು. ವೇದಿಕೆಯ ಹಾರ ತುರಾಯಿಗಳಲ್ಲಿ ಅರ್ಧ ಕಡಿಮೆ ಮಾಡಿದರೆ ಪೆಟ್ಟಿಗೆ ತುಂಬುತ್ತದೆ.

ಎರಡನೆಯದು, "ಗಾಯಗೊಂಡವರನ್ನು ಮುಟ್ಟಿದರೆ ಪೊಲೀಸ್ ಕಟ್ಲೆ ಬರುವುದಿಲ್ಲವೆ?" ಆ ಹೆದರಿಕೆ ಬೇಡ. ತುರ್ತಿನಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಕರ್ನಾಟಕವೇ 2016ರಲ್ಲಿ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಬಸವಕಲ್ಯಾಣ, ಭಾಲ್ಕಿ, ಹುಮನಾಬಾದ ಕಡೆಯ ಹಿರಿಯರು ಮರೆತಿಲ್ಲ. ಅಂದು ಕಲ್ಲು ಮಣ್ಣಿನ ಅಡಿಯಿಂದ ಜನರನ್ನು ಎಳೆದ ಮೊದಲ ಕೈಗಳು ನೆರೆಹೊರೆಯವರವು. ಸರ್ಕಾರದ ಸಹಾಯ ಬರುತ್ತದೆ, ಆದರೆ ಬರಲು ಹೊತ್ತು ಬೇಕು. ಆ ನಡುವಿನ ಹೊತ್ತು ನಮ್ಮದು.

ಅಭ್ಯಾಸವಿಲ್ಲದ ಯೋಜನೆ ಬರೀ ಕಾಗದ

ಕ್ರೀಡಾಕೂಟಕ್ಕೆ ಮೂರು ದಿನ ಮುಂಚೆ ಒಂದು ಸಲ ಆಡಿ ನೋಡಿರಿ. ಒಬ್ಬ ಹುಡುಗನನ್ನು ಬಯಲಿನ ನಡುವೆ ಮಲಗಿಸಿ, ಸೀಟಿ ಊದಿ, ಗಡಿಯಾರ ಹಿಡಿಯಿರಿ. ಪೆಟ್ಟಿಗೆ ಬರಲು ಎಷ್ಟು ಹೊತ್ತು? ಗೇಟು ತೆಗೆಯಲು ಎಷ್ಟು? ರಸ್ತೆಯ ತಿರುವಿಗೆ ಹೋಗುವವರು ಹೋದರೆ? ಫೋನಿಗೆ ಬಯಲಿನ ಯಾವ ಮೂಲೆಯಲ್ಲಿ ಸಂಪರ್ಕ ಸಿಗುತ್ತದೆ? 108ಕ್ಕೆ ಮಾತ್ರ ನಿಜವಾಗಿ ಕರೆ ಮಾಡಬೇಡಿರಿ. ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಓದಿದರೆ ಸಾಕು. ಮೊದಲ ಸಲ ಎಲ್ಲವೂ ಎಡವಟ್ಟಾಗುತ್ತದೆ. ಅಭ್ಯಾಸದ ದಿನ ಎಡವಿದರೆ ನಕ್ಕು ತಿದ್ದಿಕೊಳ್ಳಬಹುದು.

ಎದೆ ಒತ್ತುವುದನ್ನು ಓದಿ ಕಲಿಯಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನೋ 108 ಗಾಡಿಯ ಸಿಬ್ಬಂದಿಯನ್ನೋ ಬಿಡುವಿನ ದಿನ ಕರೆಸಿ, ಶಿಕ್ಷಕರೂ ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳೂ ಕೂಡಿ ಕಲಿಯಿರಿ. ಶಾಲೆಯಲ್ಲಿ ಕಲಿತ ಮಗು ನಾಳೆ ಹೊಲದಲ್ಲಿ ಬಿದ್ದ ತನ್ನ ಅಜ್ಜನನ್ನು ಉಳಿಸೀತು.

ಚರ್ಚಾಕೂಟಕ್ಕೆ ಪ್ರಶ್ನೆಗಳು

1. ನಿಮ್ಮ ಶಾಲೆಯ ಗೇಟಿನ ಕೀಲಿಕೈ ಈ ಹೊತ್ತು ಯಾರ ಬಳಿ ಇದೆ?
2. ನಿಮ್ಮ ಆಟದ ಬಯಲಿನಿಂದ ವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಎಷ್ಟು ನಿಮಿಷ? ಅಳೆದವರು ಯಾರು?
3. ಕಡೆಯ ಪಂದ್ಯದ ನಡುವೆ ಗುಡುಗು ಕೇಳಿದರೆ ಆಟ ನಿಲ್ಲಿಸುವವರು ಯಾರು? ಜನ ಕೂಗಾಡಿದರೆ ಅವರ ಬೆನ್ನಿಗೆ ನಿಲ್ಲುವವರು ಯಾರು?
4. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಕಡೆಯ ಸಲ ತೆರೆದು ನೋಡಿದ್ದು ಯಾವಾಗ?
5. ನಿಮ್ಮ ಮಗುವಿನ ಕಾಯಿಲೆಯನ್ನು ಶಾಲೆಗೆ ತಿಳಿಸಿದ್ದೀರಾ? ಇಲ್ಲವಾದರೆ ಏಕೆ?

ಇವಿಷ್ಟಕ್ಕೂ ಉತ್ತರ ಬರೆದರೆ ನಿಮ್ಮ ಯೋಜನೆಯ ಮುಕ್ಕಾಲು ಪಾಲು ಸಿದ್ಧವಾಯಿತು.

ಕಡೆಯದಾಗಿ ಒಂದು ಮಾತು. ಇದನ್ನೆಲ್ಲ ಓದಿ "ಆಟವೇ ಬೇಡ, ಮಕ್ಕಳು ಮನೆಯಲ್ಲಿರಲಿ" ಎಂದುಕೊಳ್ಳಬೇಡಿರಿ. ರೋಗ ಬರುತ್ತದೆಂದು ಯಾರೂ ತೊಗರಿ ಬಿತ್ತುವುದನ್ನು ಬಿಡುವುದಿಲ್ಲ. ಆಡದ ಮಗುವಿಗೆ ಮೈಯೂ ಬಲಿಯದು, ಮನಸ್ಸೂ ಬಲಿಯದು. ಅದರಲ್ಲಿಯೂ ಹೆಣ್ಣುಮಕ್ಕಳನ್ನು ಬಯಲಿಗೆ ಕಳಿಸಲು ತಂದೆತಾಯಿಗಳು ಈಗೀಗ ಒಪ್ಪುತ್ತಿದ್ದಾರೆ. ನಮ್ಮ ಅಜಾಗ್ರತೆಯಿಂದ ಒಬ್ಬಳಿಗೆ ಪೆಟ್ಟಾದರೆ ಹತ್ತು ಮನೆಯ ಬಾಗಿಲು ಮುಚ್ಚುತ್ತವೆ.

ನಾನು ಹೇಳಿದ ಶಾಲೆಯಲ್ಲಿ ಈಗ ಗೇಟಿನ ಕೀಲಿಕೈ ಕೆಂಪು ಬಟ್ಟೆ ಕಟ್ಟಿಸಿಕೊಂಡು ಮುಖ್ಯಗುರುಗಳ ಬಾಗಿಲ ಪಕ್ಕದ ಮೊಳೆಗೆ ತೂಗುತ್ತದೆ. ಕ್ರೀಡಾಕೂಟದ ದಿನ ಒಬ್ಬರ ಕೊರಳಿಗೆ ಹೋಗುತ್ತದೆ. ಕಳೆದ ಸಲ ನಾನು ಹೋದಾಗ ಆ ಹುಡುಗಿ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೀರು ಕುಡಿಸುತ್ತಿದ್ದಳು. ಅವಳು ಮತ್ತೆ ಖೋ-ಖೋ ಆಡುತ್ತಿದ್ದಾಳೆ. ವೈದ್ಯರು ಒಪ್ಪಿದ ಮೇಲೆ ಅವಳನ್ನು ಬಯಲಿಗೆ ಮರಳಿ ಕರೆತಂದವರು ಅವಳ ತಂದೆಯೇ. ಅಂದು ನಾನು ಪೆಟ್ಟಿಗೆಯನ್ನು ತೆರೆದು, ಒಂದೊಂದೇ ಸಾಮಾನನ್ನು ತೆಗೆದು ಎಣಿಸಿ, ಆಮೇಲೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ.

ನೀವೂ ಈ ವಾರವೇ ನಿಮ್ಮ ಶಾಲೆಯ ಪೆಟ್ಟಿಗೆಯನ್ನು ತೆರೆದು ನೋಡಿರಿ.

— ನಿಮ್ಮ ಗ್ರಾಮಸೇವಕ, ನಿರ್ಣಾ